ಮಗಳ ಪ್ರಶ್ನೆ: "ನಮಗ್ಯಾಕೆ ಕ್ರಿಸ್‌ಮಸ್ ಇಲ್ಲ?"

ಡಲ್ಲಾಸ್, ಊರು ಬಳ್ಳಾರಿ:
ಎಲ್ಲರಿಗೂ ನಮಸ್ಕಾರ. ಕಾರಲ್ಲೇ ಡೆನ್ವರ್‌ಗೆ ಹೊರಟೀವಿ, ಈಗ ಅಮರಿಲ್ಲೋದಾಗೆ ಇದೀವಿ. ಡಿಸೆಂಬರ್ 25 ನೋಡ್ರಿ, ದಾರಿಯುದ್ದಕ್ಕೂ ಅಂಗಡಿ ಬಾಗಿಲು ಹಾಕ್ಯಾವೆ. ವಾಫಲ್ ಹೌಸ್ ಹೋಟ್ಲು ತೆಗೆದಿತ್ತು, ಪುಣ್ಯ. ಏಳು ವರ್ಷದ ಮಗಳು ಕಿಟಕಿ ಮಂಜಿನ ಮೇಲೆ ಬೆರಳಲ್ಲಿ ನಕ್ಷತ್ರ ಬರೀತಾ, "ಎಲ್ಲಾರೂ ಮನೆಯಾಗೆ ಅದಾರೆ, ನಾವ್ಯಾಕೆ ರೋಡಿನಾಗೆ? ನಮಗ್ಯಾಕೆ ಕ್ರಿಸ್‌ಮಸ್ ಇಲ್ಲ?" ಅಂದ್ಲು. ನಮ್ಮನೆಯವರು ರೇಡಿಯೊ ಸೌಂಡ್ ಜಾಸ್ತಿ ಮಾಡಿದ್ರು. ಮನೆಯಾಗೆ ಟ್ರೀ ಇಡಬೇಕೋ ಬ್ಯಾಡವೋ? ಹಬ್ಬದ ಅರ್ಥ ಏನಂತ ಹೇಳೋದು?

ನ್ಯೂಜೆರ್ಸಿ, ಊರು ರಾಯಚೂರು:
ಇಡ್ರಿ ತಾಯಿ, ಏನಾಗತೈತಿ. ಹಬ್ಬ ಮುಗಿದ ಮ್ಯಾಲೆ ಪ್ಲಾಸ್ಟಿಕ್ ಗಿಡ ತಗೊಳ್ರಿ, ಅಗ್ಗ. ನಮ್ಮ ಗಿಡಕ್ಕ ಕಿನ್ನಾಳದ ಕಟ್ಟಿಗಿ ಗಿಣಿ ಕಟ್ಟೀವಿ.

ಹೂಸ್ಟನ್, ಊರು ಕೊಪ್ಪಳ:
ಇದಕ್ಕೇ ನಮ್ಮ ಮಕ್ಕಳು ಕೈಬಿಟ್ಟು ಹೋಗೋದು! ಎಳ್ಳಮಾಸಿ ಅಂದ್ರೇನಂತ ಆ ಹುಡುಗಿಗೆ ಗೊತ್ತೈತೇನು? ಅದೂ ಇದೇ ಚಳಿಯಾಗ ಬರತೈತಿ. ಸಜ್ಜಿ ರೊಟ್ಟಿ, ಎಣ್ಣಿ ಬದನಿಕಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗಿ ಬುಟ್ಟಿ ತುಂಬಿ, ಬಂಡಿ ಕಟ್ಟಿ ಹೊಲಕ್ಕ ಹೋಗಿ, ಐದು ಕಲ್ಲಿಟ್ಟು ಪೂಜಿ ಮಾಡಿ, ಹಿಂಗಾರಿ ಜ್ವಾಳದಾಗ ಆ ಊಟಾನ ಚರಗ ಅಂತ ಚೆಲ್ಲೋದು. ಭೂತಾಯಿ ಬಸುರಿ, ಆಕಿಗೆ ಬಯಕಿ ಊಟ. ಅರ್ಥ ಅಂದ್ರ ಅದು. ಟ್ರೀ ಅಂತ ಟ್ರೀ!

ಸಿಯಾಟಲ್, ಊರು ಸಿಂಧನೂರು:
ಸರಿಯಾಗಿ ಹೇಳಿದ್ರಿ ಅಣ್ಣಾರ. ಪುಂಡಿ ಸೊಪ್ಪು ಇಲ್ಲೆ ಎಲ್ಲಿ ಸಿಗತೈತಿ?

ಲಂಡನ್, ಊರು ಬಳ್ಳಾರಿ:
ಅಣ್ಣಾ, ಎಳ್ಳಮಾಸಿಗೆ ನಾವೂ ಬಂದು ಉಂಡವರೇ. ಆದ್ರೆ ಕ್ರಿಸ್‌ಮಸ್ಸು ಹೊರಗಿನವರದು ಅಂದ್ರೆ ನಾನ್ಯಾರು? ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಿದ್ದು 1810ರಲ್ಲಿ. ಇಡೀ ಬೈಬಲ್ ಕನ್ನಡದಾಗೆ ಅಚ್ಚಾಗಿದ್ದು 1831ರಲ್ಲಿ, ನಮ್ಮೂರಾಗೇ. ನಮ್ಮಜ್ಜಿ ಓದ್ತಿದ್ದ ಕಥೆಯಾಗೆ ಟ್ರೀ ಇಲ್ಲ, ಸ್ನೋ ಇಲ್ಲ, ಸಾಂಟಾನೂ ಇಲ್ಲ. ತುಂಬಿದ ಬಸುರಿ ಮರಿಯ, ದೂರದ ದಾರಿ, ಛತ್ರದಾಗೆ ಜಾಗ ಸಿಗಲಿಲ್ಲ. ಕೂಸನ್ನ ಗೋದಲಿಯಾಗೆ ಮಲಗಿಸಿದ್ಲು. ತಂಗಿ, ಆ ರಾತ್ರಿ ಅವರೂ ಮನೆಯಾಗೆ ಇರಲಿಲ್ಲ ಅಂತ ಮಗಳಿಗೆ ಹೇಳಮ್ಮ.

ಹೂಸ್ಟನ್, ಊರು ಕೊಪ್ಪಳ:
ನಾ ನಿಮಗಂದಿಲ್ರಿ. ನನ್ನ ಮಗಗ ಈಗ 26. ಊರಿಗೆ ಫೋನ್ ಹಚ್ಚಿ ಕೊಟ್ರ "ಹಾಯ್ ಅಜ್ಜಿ" ಅಂದು ತಿರುಗಿ ನನ್ನ ಕೈಗೆ ಕೊಡ್ತಾನ. ಚರಗದ ಬುಟ್ಟಿ ಅಟ್ಟ ಸೇರೈತಂತ.

ನ್ಯೂಜೆರ್ಸಿ, ಊರು ರಾಯಚೂರು:
ಅದಿರ್ಲಿ. ತಾಯಿ, ರಟೋನ್ ಪಾಸ್ ಘಾಟ್ ದಾಟ್ತೀರೇನು? ರಾತ್ರಿ ಬ್ಯಾಡ, ರೋಡಿನ ಮ್ಯಾಲೆ ಐಸ್ ಕಾಣಂಗಿಲ್ಲ.

ಡಲ್ಲಾಸ್, ಊರು ಬಳ್ಳಾರಿ:
ಇಲ್ಲೇ ಮೋಟೆಲ್‌ನಾಗೆ ಉಳ್ಕೊಂಡ್ವಿ ಅಣ್ಣ. ಲಂಡನ್ ಅಕ್ಕ, ಕಥೆ ಹೇಳಿದೆ. ಗೋದಲಿ ಅಂದ್ರೇನು ಅಂದ್ಲು. ದನ ಮೇವು ತಿನ್ನೋ ತೊಟ್ಟಿ ಅಂದೆ. "ಹಂಗಾದ್ರೆ ಅವತ್ತು ದನ ಎಲ್ಲಿ ತಿಂದ್ವು?" ಅಂತ ಕೇಳ್ತಾ ಕೂತಾಳೆ. ಟ್ರೀ ವಿಷಯ ಹಂಗೇ ಐತೆ.