ದೆಲಾ ಕ್ರೂಸ್ ಎಂಬ ಮನೆತನದ ಹೆಸರು: ಪುಟ್ಟಿಯ ಪ್ರಶ್ನೆಗೆ ಉತ್ತರ

ಎಲ್ಲರಿಗೂ ನಮಸ್ಕಾರ. ಕುವೈತ್‌ನಿಂದ ನಮ್ಮ ಪುಟ್ಟಿ ನಿನ್ನೆ ರಾತ್ರಿ ಈ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಒಂದೆರಡು ಮಾತಿನಲ್ಲಿ ಉತ್ತರ ಮುಗಿಸುವ ಮನಸ್ಸಾಗಲಿಲ್ಲ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಹೇಳುತ್ತಿದ್ದೇನೆ, ಪುರುಸೊತ್ತು ಮಾಡಿಕೊಂಡು ಕೇಳಿ. ಅವಳ ವಾರ್ಡಿನಲ್ಲಿರುವ ಫಿಲಿಪ್ಪೀನ್ಸ್ ದೇಶದ ನರ್ಸುಗಳಲ್ಲಿ ಮೂವರ ಮನೆತನದ ಹೆಸರು ದೆಲಾ ಕ್ರೂಸ್. ಮೂವರೂ ಬೇರೆ ಬೇರೆ ಊರಿನವರು, ಒಬ್ಬರಿಗೊಬ್ಬರು ಬಂಧುಗಳಲ್ಲ. ಇದು ಹೇಗೆ, ಮಂಗಳೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಡಿಕ್ರೂಜ್ ಅವರಿಗೂ ಇವರಿಗೂ ಏನಾದರೂ ನಂಟಿದೆಯೇ ಎಂಬುದು ಅವಳ ಪ್ರಶ್ನೆ. ಭಾವನವರು ಅದಕ್ಕೆ, ಅವರೆಲ್ಲ ಸ್ಪೇನಿನವರ ಸಂತತಿ, ಹೆಸರೇ ಹೇಳುತ್ತದೆಯಲ್ಲ ಎಂದು ಬರೆದಿದ್ದಾರೆ. ಭಾವನವರ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಆ ಹೆಸರು ಅದನ್ನು ಹೇಳುವುದಿಲ್ಲ.

ಮೊದಲು ಅರ್ಥವನ್ನು ನೋಡೋಣ. ಇದು ಸ್ಪ್ಯಾನಿಷ್ ಮಾತು. ‘ಕ್ರೂಸ್’ ಎಂದರೆ ಶಿಲುಬೆ. ಆ ಭಾಷೆಯಲ್ಲಿ ಅದು ಸ್ತ್ರೀಲಿಂಗವಾದ್ದರಿಂದ ಮುಂದೆ ‘ಲಾ’ ಬರುತ್ತದೆ, ‘ದೆ’ ಎಂಬುದು ನಮ್ಮ ಷಷ್ಠೀ ವಿಭಕ್ತಿಯ ‘ಅ’ ಮಾಡುವ ಕೆಲಸವನ್ನು ಮಾಡುತ್ತದೆ. ಒಟ್ಟಿಗೆ ‘ಶಿಲುಬೆಯ’ ಎಂದಾಯಿತು, ಅಂದರೆ ಶಿಲುಬೆಗೆ ಸೇರಿದವರು. ಸ್ಪೇನಿನಲ್ಲಿ ಮೂರು ಪದಗಳನ್ನೂ ಬಿಡಿಬಿಡಿಯಾಗಿ ಬರೆಯುತ್ತಾರೆ. ಫಿಲಿಪ್ಪೀನ್ಸ್‌ನಲ್ಲಿ ಮೊದಲೆರಡನ್ನು ಸೇರಿಸಿ ‘ದೆಲಾ ಕ್ರೂಸ್’ ಎಂದು ಬರೆಯುವುದೇ ಹೆಚ್ಚು. ಬರಿಯ ‘ಕ್ರೂಸ್’ ಎಂಬುದೂ ಅಲ್ಲಿ ಬಹಳ ಮಂದಿಗಿದೆ, ಆದರೆ ದಾಖಲೆಗಳ ಲೆಕ್ಕದಲ್ಲಿ ಅದು ಬೇರೆಯೇ ಮನೆತನದ ಹೆಸರು.

ಸ್ಪೇನಿನವರು 1565ರಲ್ಲಿ ಆ ದ್ವೀಪಗಳಲ್ಲಿ ನೆಲೆಯೂರುವುದಕ್ಕೆ ಮೊದಲು ಅಲ್ಲಿಯ ಸಾಮಾನ್ಯ ಜನರಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮನೆತನದ ಹೆಸರು ಎಂಬ ಪದ್ಧತಿಯೇ ಇರಲಿಲ್ಲ. ಒಬ್ಬರಿಗೆ ಒಂದೇ ಹೆಸರು. ಮಗು ಹುಟ್ಟಿದ ಮೇಲೆ ತಂದೆಯನ್ನು ‘ಇಂಥ ಮಗುವಿನ ಅಪ್ಪ’ ಎಂದು ಕರೆಯುವ ರೂಢಿಯೂ ಇತ್ತು. ಪಾದ್ರಿಗಳು ದೀಕ್ಷಾಸ್ನಾನ ಕೊಡಿಸಿ ಸಂತರ ಹೆಸರಿಟ್ಟಾಗ ಅದರ ಬೆನ್ನಿಗೆ ಇನ್ನೊಂದು ಪವಿತ್ರ ಹೆಸರೂ ಸೇರಿಕೊಂಡಿತು: ಶಿಲುಬೆಯ, ಸಂತರ, ಜಪಸರದ. ದೆ ಲಾ ಕ್ರೂಸ್, ದೆ ಲೊಸ್ ಸಾಂತೋಸ್, ದೆಲ್ ರೊಸಾರಿಯೊ ಬಂದದ್ದು ಹೀಗೆ. ರಕ್ತಸಂಬಂಧದಿಂದಲ್ಲ, ಭಕ್ತಿಯಿಂದ ಬಂದ ಹೆಸರುಗಳು ಇವು. ಅಣ್ಣನಿಗೆ ಒಂದು, ತಮ್ಮನಿಗೆ ಇನ್ನೊಂದು ಇದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ, ಊರಿಗೆ ಊರೇ ದೆ ಲಾ ಕ್ರೂಸ್ ಆಗಿದ್ದರೂ ಯಾರಿಗೂ ತೊಂದರೆ ಆಗುತ್ತಿರಲಿಲ್ಲ.

ತೊಂದರೆ ಆದದ್ದು ಸರ್ಕಾರಕ್ಕೆ. ತೆರಿಗೆ ಯಾರು ಕೊಟ್ಟರು, ಯಾರು ಕೊಡದೆ ಪಕ್ಕದ ಊರಿಗೆ ಹೋದರು, ಮದುವೆಯಾಗುವವರ ನಡುವೆ ರಕ್ತಸಂಬಂಧ ಇದೆಯೇ ಎಂಬುದನ್ನು ಇಂಥ ಪಟ್ಟಿಯಿಂದ ತಿಳಿಯುವುದು ಸಾಧ್ಯವಿರಲಿಲ್ಲ. ಆಗ ಗವರ್ನರ್ ಜನರಲ್ ಆಗಿದ್ದವನು ನಾರ್ಸಿಸೊ ಕ್ಲಾವೆರಿಯಾ. ಲೆಕ್ಕ ಸರಿಯಿರಬೇಕೆಂಬ ಹಟ ಅವನಲ್ಲಿ ಎಷ್ಟಿತ್ತೆಂದರೆ, ಪಂಚಾಂಗದಲ್ಲಿ ಫಿಲಿಪ್ಪೀನ್ಸ್ ಏಷ್ಯಾದ ನೆರೆಯ ನಾಡುಗಳಿಗಿಂತ ಒಂದು ದಿನ ಹಿಂದಿರುವುದನ್ನು ಸರಿಪಡಿಸಲು 1844ರ ಡಿಸೆಂಬರ್ 31ನೇ ದಿನವನ್ನೇ ತೆಗೆದುಹಾಕಿಸಿದ. ಅಲ್ಲಿ ಡಿಸೆಂಬರ್ 30ರ ಮರುದಿನ 1845ರ ಜನವರಿ 1 ಆಯಿತು. ಅದೇ ಮನುಷ್ಯ 1849ರ ನವೆಂಬರ್ 21ರಂದು ಹೆಸರುಗಳ ಕುರಿತು ಆಜ್ಞೆ ಹೊರಡಿಸಿದ. ಸುಮಾರು 61,000 ಹೆಸರುಗಳ ಅಕಾರಾದಿ ಪಟ್ಟಿಯೊಂದನ್ನು ಅಚ್ಚು ಹಾಕಿಸಿ ಪ್ರಾಂತ್ಯಗಳಿಗೆ ಹಂಚಲಾಯಿತು. ಅದರಲ್ಲಿ ಸ್ಪ್ಯಾನಿಷ್ ಮನೆತನಗಳಷ್ಟೇ ಅಲ್ಲ, ಅಲ್ಲಿಯ ನೆಲದ ಹೆಸರುಗಳೂ ಗಿಡಮರ, ಖನಿಜ, ಊರುಕೇರಿಗಳಿಂದ ತೆಗೆದ ಪದಗಳೂ ಇದ್ದವು. ಮನೆಯ ಯಜಮಾನ ಅಥವಾ ಹಿರಿಯ ಆ ಪಟ್ಟಿಯಿಂದ ಒಂದನ್ನು ಆರಿಸಿಕೊಳ್ಳಬೇಕು, ಇಲ್ಲವೇ ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ಮುಂದೆ ಅವನ ಸಂತತಿಗೆಲ್ಲ ಅದೇ. ಕೆಲವು ಊರುಗಳಿಗೆ ಪಟ್ಟಿಯ ಒಂದೇ ಅಕ್ಷರದ ಹಾಳೆಗಳು ಹೋದದ್ದರಿಂದ ಊರಿಗೂರೇ ಒಂದೇ ಅಕ್ಷರದಿಂದ ಆರಂಭವಾಗುವ ಹೆಸರುಗಳನ್ನು ಪಡೆಯಿತು. ಆಲ್ಬಾಯ್ ಪ್ರಾಂತ್ಯದ ಓಆಸ್ ಪಟ್ಟಣದಲ್ಲಿ ಆರ್ ಅಕ್ಷರದ ಮನೆತನಗಳು ಇಂದಿಗೂ ತುಂಬಿಕೊಂಡಿವೆ. ಆದ್ದರಿಂದಲೇ ಸ್ಪ್ಯಾನಿಷ್ ಹೆಸರಿದ್ದ ಮಾತ್ರಕ್ಕೆ ಸ್ಪೇನಿನ ರಕ್ತವೆಂದು ತಿಳಿಯಬಾರದು, ಭಾವನವರೇ.

ಪುಟ್ಟಿ ಗಮನಿಸಬೇಕಾದ ಸಂಗತಿ ಇಲ್ಲಿದೆ. ನಾಲ್ಕು ತಲೆಮಾರಿನಿಂದ ಒಂದೇ ಹೆಸರನ್ನು ಉಳಿಸಿಕೊಂಡು ಬಂದ ಕುಟುಂಬಗಳು ಅದನ್ನೇ ಮುಂದುವರಿಸಬಹುದೆಂದು ಆಜ್ಞೆಯಲ್ಲಿ ರಿಯಾಯಿತಿ ಇತ್ತು. ಆದರೆ ದೆ ಲಾ ಕ್ರೂಸ್, ದೆ ಲೊಸ್ ಸಾಂತೋಸ್ ಮುಂತಾದವು ಮಿತಿಮೀರಿ ಹೆಚ್ಚಾಗಿರುವುದರಿಂದ ಗೊಂದಲ ಮುಂದುವರಿಯುತ್ತದೆಂದು, ಅವುಗಳನ್ನು ಹೆಸರಿಸಿಯೇ ಆ ರಿಯಾಯಿತಿಯಿಂದ ಹೊರಗಿಟ್ಟಿದ್ದರು. ಜೊತೆಗೆ, ಜಾರಿ ಮಾಡುವಾಗ ಪಾದ್ರಿಗಳೂ ಪ್ರಾಂತ್ಯಾಧಿಕಾರಿಗಳೂ ತಮ್ಮ ವಿವೇಚನೆ ಬಳಸಬಹುದೆಂದೂ ಬರೆದಿದ್ದರು. ಆಜ್ಞೆ ಎಲ್ಲ ಕಡೆಯೂ ಒಂದೇ ಬಿಗಿಯಲ್ಲಿ ಜಾರಿಯಾಗಲಿಲ್ಲ. ಕಡಿಮೆ ಮಾಡಬೇಕೆಂದು ಸರ್ಕಾರವೇ ಬೆರಳಿಟ್ಟು ತೋರಿಸಿದ ಹೆಸರು ಇಂದು ಆ ದೇಶದಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರಾಗಿ ಉಳಿದಿದೆ. ಬಡ ರೈತರು, ಕೂಲಿಯವರು, ಬರೆಯಲು ಬಾರದವರು ತಮ್ಮ ಹೆಸರನ್ನು ಕೈಬಿಡದೆ ಹಿಡಿದುಕೊಂಡರಲ್ಲ ಎಂದು ನೆನೆದರೆ ನನಗೆ ಮನಸ್ಸು ತುಂಬಿ ಬರುತ್ತದೆ. ಆಜ್ಞೆ ಹೊರಡುವ ಎಂಟು ವರ್ಷ ಮೊದಲು, 1841ರ ನವೆಂಬರ್‌ನಲ್ಲಿ, ಅಪೊಲಿನಾರಿಯೊ ದೆ ಲಾ ಕ್ರೂಸ್ ಎಂಬ ಲುಕ್ಬಾನ್ ಊರಿನ ತರುಣನನ್ನು ಸ್ಪೇನಿನ ಆಡಳಿತ ಕೊಂದಿತ್ತು. ಸ್ಥಳೀಯನೆಂಬ ಕಾರಣಕ್ಕೆ ಧಾರ್ಮಿಕ ಸಂಘಗಳು ಅವನನ್ನು ಸೇರಿಸಿಕೊಳ್ಳದಿದ್ದಾಗ ತನ್ನ ಜನರಿಗಾಗಿಯೇ ಭಕ್ತಮಂಡಳಿ ಕಟ್ಟಿದವನು ಅವನು. ಎರ್ಮಾನೊ ಪುಲೆ, ಅಂದರೆ ಪುಲೆಯಣ್ಣ, ಎಂದು ಇಂದಿಗೂ ಅವನನ್ನು ನೆನೆಯುತ್ತಾರೆ.

ನಾವು ‘ಶ್ರೀಸಾಮಾನ್ಯ’ ಎನ್ನುವ ಕಡೆ ಅವರು ‘ಹುವಾನ್ ದೆಲಾ ಕ್ರೂಸ್’ ಎನ್ನುತ್ತಾರೆ. ಕಳೆದ ಶತಮಾನದ ಆರಂಭದಲ್ಲಿ ಮನಿಲಾದ ಪತ್ರಿಕಾ ಸಂಪಾದಕ ಮ್ಯಾಕಲಕ್ ಡಿಕ್ ಎಂಬ ಸ್ಕಾಟ್ಲೆಂಡಿನವರು, ಪೊಲೀಸ್ ಮತ್ತು ನ್ಯಾಯಾಲಯದ ದಾಖಲೆಗಳಲ್ಲಿ ಆ ಹೆಸರು ಮತ್ತೆ ಮತ್ತೆ ಬರುವುದನ್ನು ಕಂಡು ಬಳಕೆಗೆ ತಂದರೆಂದು ಹೇಳುತ್ತಾರೆ. ವ್ಯಂಗ್ಯಚಿತ್ರಗಳಲ್ಲಿ ತಲೆಗೆ ಸಲಾಕೊಟ್ ಎಂಬ ಅಗಲ ಅಂಚಿನ ಟೋಪಿ ಹಾಕಿಕೊಂಡ ಆ ಹುವಾನ್ ಇಡೀ ದೇಶದ ಪ್ರತಿನಿಧಿ.

ನನಗೆ ಈ ಹೆಸರಿನ ಪರಿಚಯವಾದದ್ದು ಮಸ್ಕತ್‌ನಲ್ಲಿ, ಸಂಬಳದ ಪುಸ್ತಕದ ಮುಂದೆ. ನಾನಿದ್ದ ಸಂಸ್ಥೆಯಲ್ಲಿ ಒಂದು ತಿಂಗಳು ಒಬ್ಬ ದೆಲಾ ಕ್ರೂಸ್‌ಗೆ ಸೇರಬೇಕಾದ ಓವರ್‌ಟೈಮ್ ಹಣ ಇನ್ನೊಬ್ಬರ ಖಾತೆಗೆ ಹೋಗಿತ್ತು. ಹಣ ಕಳೆದುಕೊಂಡವರು ಸಿಟ್ಟಾಗದೆ ನನ್ನ ಮೇಜಿನ ಬಳಿ ಕುಳಿತು, ಹಳೆಯ ರಸೀದಿಯ ಹಿಂಬದಿಯಲ್ಲಿ ತಮ್ಮ ಪೂರ್ತಿ ಹೆಸರು ಬರೆದು, ನಡುವಿನ ಪದದ ಕೆಳಗೆ ಎರಡು ಗೆರೆ ಎಳೆದರು. ‘ಇದು ನನ್ನ ತಾಯಿಯ ಮನೆತನ, ಇದನ್ನು ನೋಡಿ’ ಎಂದರು. ನಡುವಿನ ಹೆಸರೆಂದರೆ ನಮ್ಮಲ್ಲಿಯಂತೆ ತಂದೆಯ ಹೆಸರೆಂದು ತಿಳಿದು ನಾನು ಅದನ್ನು ಪುಸ್ತಕದಲ್ಲಿ ಬಿಟ್ಟುಬಿಟ್ಟಿದ್ದೆ. ಅಲ್ಲಿ ತಾಯಿಯ ತವರಿನ ಹೆಸರು ನಡುವೆ, ತಂದೆಯ ಮನೆತನ ಕೊನೆಗೆ. ಮದುವೆಯಾಗಿ ಗಂಡನ ಹೆಸರು ಹಿಡಿದ ಹೆಣ್ಣುಮಕ್ಕಳಿಗೆ ತವರಿನ ಹೆಸರು ನಡುವಿಗೆ ಸರಿಯುತ್ತದೆ. ಪುಟ್ಟಿ, ನಿನ್ನ ವಾರ್ಡಿನ ಮೂವರ ಬ್ಯಾಡ್ಜಿನ ಮೇಲೂ ನಡುವೆ ಒಂದಕ್ಷರ ಇದ್ದೀತು, ಡ್ಯೂಟಿ ಪಟ್ಟಿ ಬರೆಯುವಾಗ ಅದನ್ನು ಬಿಡಬೇಡ.

ಇನ್ನು ಮಂಗಳೂರಿನ ಡಿಕ್ರೂಜ್ ಅವರ ವಿಷಯ. ಅವರ ಹಿರಿಯರು ಗೋವೆಯ ಕಡೆಯಿಂದ ಬಂದ ಕೊಂಕಣಿ ಕ್ರೈಸ್ತರು. ಅವರ ಹೆಸರು ಪೋರ್ಚುಗೀಸರ ‘ದ ಕ್ರೂಜ್’. ಅರ್ಥ ಅದೇ ಶಿಲುಬೆ, ಹೆಸರು ಬಂದ ದಾರಿಯೂ ಅದೇ ದೀಕ್ಷಾಸ್ನಾನದ ದಾರಿ, ಆದರೆ ಕೊಟ್ಟ ಪಾದ್ರಿಗಳು ಬೇರೆ, ಸಮುದ್ರ ಬೇರೆ. ಹಾಗಾಗಿ ಬಂಧುತ್ವವಿಲ್ಲ. ನಮ್ಮ ಡಿಕ್ರೂಜ್ ಅಮ್ಮನಿಗೂ ಪೋರ್ಚುಗಲ್ ಎಂದರೆ ಎಲ್ಲಿಯದೋ ದೇಶವಾಗಿತ್ತು, ಅವರ ಜಪವೂ ಜಗಳವೂ ಕೊಂಕಣಿಯಲ್ಲೇ ಇದ್ದವು ಎಂಬುದು ನಿಮಗೆಲ್ಲ ನೆನಪಿರಬೇಕು.

ಕೊನೆಯದಾಗಿ ಉಚ್ಚಾರ. ಫಿಲಿಪ್ಪೀನ್ಸ್‌ನವರು ಮಂಗಳೂರಿನವರ ಹಾಗೆ ‘ಕ್ರೂಜ್’ ಎನ್ನುವುದಿಲ್ಲ, ‘ಕ್ರೂಸ್’ ಎನ್ನುತ್ತಾರೆ. ಮೊದಲಿನದು ‘ಡೆ’ ಅಲ್ಲ, ನಾಲಗೆ ಹಲ್ಲಿಗೆ ತಾಗುವ ‘ದೆ’. ಕನ್ನಡ ಬಾಯಿಗೆ ಅದು ಕಷ್ಟವೇನಲ್ಲ. ಫೈಲು ಹುಡುಕುವಾಗ ಮಾತ್ರ ಸಿ ಅಕ್ಷರದಲ್ಲಿ ನೋಡಬೇಡ, ಅವರು ಅದನ್ನು ಡಿ ಅಕ್ಷರದಲ್ಲಿ ಇಡುತ್ತಾರೆ.