ಬೈಕಿನಲ್ಲಿ ಜಿಪಿಎಸ್: ಬ್ಯಾಟರಿ ಕೂತುಹೋಗುತ್ತೆ, ಘಾಟಿಯಲ್ಲಿ ಬಾಣ ಜಿಗಿಯುತ್ತೆ

ಹೊಸಸವಾರ

ಬೈಕು 350 ಸಿಸಿ ಸಿಂಗಲ್ ಸಿಲಿಂಡರ್, ಬ್ಯಾಟರಿ 12 ವೋಲ್ಟ್ 8 ಎಎಚ್ (ಆಂಪ್-ಅವರ್). ಹ್ಯಾಂಡಲ್‌ಬಾರಿಗೆ ಫೋನ್ ಮೌಂಟ್ ಹಾಕಿದೆ. ವೋಲ್ಟ್‌ಮೀಟರ್ ಇರುವ ಯುಎಸ್‌ಬಿ ಚಾರ್ಜರ್ ಸೀಟಿನ ಕೆಳಗಿದೆ, ನೇರ ಬ್ಯಾಟರಿಗೇ ಕೊಟ್ಟಿದೆ. ಅಲ್ಲಿಂದ ಮುಂದಕ್ಕೆ ಒಂದೂವರೆ ಮೀಟರ್ ಮಾಮೂಲಿ ಕೇಬಲ್. ಈಗಿನ ತೊಂದರೆಗಳು:

ಹತ್ತು ದಿನ ಗಾಡಿ ತೆಗೆಯದಿದ್ದರೆ ಸೆಲ್ಫ್ ಎಳೆಯುವುದಿಲ್ಲ. ಚಾರ್ಜ್ ಚಿಹ್ನೆ ತೋರಿಸುತ್ತದೆ, ಆದರೂ ಮ್ಯಾಪ್ ಓಡುವಾಗ ಫೋನಿನ ಶೇಕಡಾವಾರು ಇಳಿಯುತ್ತಲೇ ಇರುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಮ್ಯಾಪಿನ ಬಾಣ ಮೇಲಿನ ತಿರುವಿನಿಂದ ಕೆಳಗಿನ ತಿರುವಿಗೆ ಹಾರಿ ಯೂ-ಟರ್ನ್ ಮಾಡು ಅನ್ನುತ್ತದೆ. ಆಫ್‌ಲೈನ್ ಮ್ಯಾಪ್ ಮೈಸೂರು ಎಕ್ಸ್‌ಪ್ರೆಸ್‌ವೇ ಒಳಕ್ಕೇ ದಾರಿ ತೋರಿಸುತ್ತದೆ.

ಇಷ್ಟಕ್ಕೆಲ್ಲ ಬೈಕಿಗೆಂದೇ ಬರುವ ಜಿಪಿಎಸ್ ಕೊಳ್ಳಬೇಕೇ, ಇರುವುದನ್ನೇ ಸರಿಮಾಡಬಹುದೇ?

ತಂತಿಪೆಟ್ಟಿಗೆ

ಮೊದಲಿನ ಎರಡಕ್ಕೂ ಉಪಗ್ರಹಕ್ಕೂ ಸಂಬಂಧವೇ ಇಲ್ಲ. ಎರಡೂ ವೈರಿಂಗಿನ ತಪ್ಪು.

ಬ್ಯಾಟರಿ ಲೆಕ್ಕ ನೋಡಿ. ಆ ವೋಲ್ಟ್‌ಮೀಟರಿನ ಎಲ್‌ಇಡಿ ಅಂಕಿ ಮತ್ತು 12 ವೋಲ್ಟನ್ನು 5ಕ್ಕೆ ಇಳಿಸುವ ಒಳಗಿನ ಕನ್ವರ್ಟರ್ ಸೇರಿ 20 ಮಿಲಿಆಂಪ್ ಎಳೆದರೂ ದಿನಕ್ಕೆ 0.48 ಎಎಚ್ ಆಯಿತು, ಹತ್ತು ದಿನಕ್ಕೆ 4.8. ಎಂಟರಲ್ಲಿ ಉಳಿದದ್ದು ಮೂರು ಚಿಲ್ಲರೆ, ಅದರಲ್ಲಿ ಸೆಲ್ಫ್ ತಿರುಗಿದರೆ ಪುಣ್ಯ. ಖಚಿತ ಮಾಡಿಕೊಳ್ಳಲು ಕೀ ಆಫ್ ಮಾಡಿ, ಬ್ಯಾಟರಿಯ ಮೈನಸ್ ಬಿಚ್ಚಿ, ಟರ್ಮಿನಲ್ಲಿಗೂ ವೈರಿಗೂ ನಡುವೆ ಮಲ್ಟಿಮೀಟರ್ ಸೇರಿಸಿ ಆಂಪ್ ಅಳೆಯಿರಿ. ಮೊದಲು 10 ಆಂಪ್ ರೇಂಜ್, ಕಡಿಮೆ ಕಂಡರೆ 200 ಮಿಲಿಆಂಪ್. ಮೀಟರ್ ಹಾಗೇ ಇರುವಾಗ ಅಪ್ಪಿತಪ್ಪಿಯೂ ಕೀ ತಿರುಗಿಸಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ.

ಪರಿಹಾರ ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. 12 ವೋಲ್ಟಿನ ನಾಲ್ಕು ಪಿನ್ನಿನದು ಸಾಕು, ಯಾವ ಆಟೊ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಾಕೆಟ್ ಸಮೇತ ಸಿಗುತ್ತದೆ. ಬ್ಯಾಟರಿ ಪ್ಲಸ್‌ನಿಂದ 1 ಚದರ ಮಿಮೀ ಕೆಂಪು ವೈರ್ ಹೊರಡಿಸಿ. ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ 5 ಆಂಪ್ ಬ್ಲೇಡ್ ಫ್ಯೂಸ್ ಇರಲಿ. ಫ್ಯೂಸ್ ಕಾಯುವುದು ವೈರನ್ನು, ಚಾರ್ಜರನ್ನಲ್ಲ, ಹಾಗಾಗಿ ಚಾರ್ಜರಿನ ಹತ್ತಿರ ಹಾಕಿದರೆ ನಡುವಿನ ವೈರಿಗೆ ದಿಕ್ಕಿಲ್ಲ. ಫ್ಯೂಸಿನಿಂದ ರಿಲೇಯ ಮೇಲೆ 30 ಎಂದು ಬರೆದ ಪಿನ್ನಿಗೆ, 87ರಿಂದ ಚಾರ್ಜರ್ ಪ್ಲಸ್‌ಗೆ. 85 ಬ್ಯಾಟರಿ ಮೈನಸ್‌ಗೆ. 86ಕ್ಕೆ ಕೀ ಆನ್ ಆದಾಗ ಮಾತ್ರ ಜೀವ ಬರುವ ವೈರ್. ಚಾರ್ಜರಿನ ಮೈನಸ್ ಕೂಡ ನೇರ ಬ್ಯಾಟರಿಗೇ ಬರಲಿ, ಬಣ್ಣ ಬಳಿದ ಫ್ರೇಮಿನ ಬೋಲ್ಟಿಗೆ ಬೇಡ.

86ಕ್ಕೆ ಹಿಂದಿನ ಬ್ರೇಕ್ ಸ್ವಿಚ್ಚಿಗೆ ಬರುವ ವೈರ್ ಅನುಕೂಲ. ಸ್ವಿಚ್ಚಿನ ಎರಡು ವೈರಿನಲ್ಲಿ ಬ್ರೇಕ್ ಒತ್ತದೆಯೂ ಕೀ ಆನ್‌ನಲ್ಲಿ 12 ವೋಲ್ಟ್ ತೋರಿಸುವುದೇ ಬೇಕಾದದ್ದು. ಬಣ್ಣ ನಂಬಬೇಡಿ, ಮೀಟರ್ ಇಟ್ಟೇ ನೋಡಿ. ರಿಲೇಯ ಕಾಯಿಲ್ ಎಳೆಯುವುದು 150–200 ಮಿಲಿಆಂಪ್ ಅಷ್ಟೇ, ಆ ವೈರಿಗೆ ಭಾರವಲ್ಲ. ಇಂಜೆಕ್ಟರ್, ಇಸಿಯು (ಎಂಜಿನ್ನಿನ ಕಂಪ್ಯೂಟರ್), ಫ್ಯುಯೆಲ್ ಪಂಪ್ ಕಡೆಯ ವೈರುಗಳನ್ನು ಮಾತ್ರ ಮುಟ್ಟಲೇಬೇಡಿ.

ಐದು ಪಿನ್ನಿನ ರಿಲೇ ಸಿಕ್ಕರೆ ನಡುವಿನ 87ಎ ಖಾಲಿ ಬಿಡಿ. ಚಾರ್ಜರನ್ನು ಅಲ್ಲಿಗೆ ಕೊಟ್ಟರೆ ಕೀ ಆಫ್‌ನಲ್ಲಿ ಚಾರ್ಜರ್ ಆನ್, ಕೀ ಆನ್‌ನಲ್ಲಿ ಆಫ್. ಈ ಎಡವಟ್ಟು ನೀವಂದುಕೊಂಡಷ್ಟು ಅಪರೂಪವಲ್ಲ.

ಎರಡನೆಯದು ಕೇಬಲ್. ಅಗ್ಗದ ಕೇಬಲ್ಲಿನೊಳಗೆ ಇರುವುದು 28 ಗೇಜಿನ ಕೂದಲೆಳೆ, ಮೀಟರಿಗೆ ಸುಮಾರು 0.21 ಓಮ್. ಒಂದೂವರೆ ಮೀಟರ್ ಹೋಗಿ ಬರುವುದು ಮೂರು ಮೀಟರ್, ಅಂದರೆ 0.64 ಓಮ್. ಎರಡು ಆಂಪ್ ಹರಿದರೆ 1.28 ವೋಲ್ಟ್ ದಾರಿಯಲ್ಲೇ ಹೋಯಿತು. ಐದು ಕೊಟ್ಟರೆ ಮುಟ್ಟುವುದು ಮೂರೂಮುಕ್ಕಾಲು. ಫೋನು ಅದನ್ನು ಕಂಡು ಕರೆಂಟ್ ಇಳಿಸಿಕೊಳ್ಳುತ್ತದೆ, ಚಿಹ್ನೆ ಮಾತ್ರ ಚಾರ್ಜಿಂಗ್ ಅಂತಲೇ ಇರುತ್ತದೆ. ಆದ್ದರಿಂದ ಮುಂದಕ್ಕೆ ಒಯ್ಯಬೇಕಾದದ್ದು 12 ವೋಲ್ಟ್, 5 ವೋಲ್ಟ್ ಅಲ್ಲ. ಚಾರ್ಜರ್ ಹ್ಯಾಂಡಲ್‌ಬಾರ್ ಹತ್ತಿರ ಕೂರಲಿ, ಅಲ್ಲಿಂದ ಫೋನಿಗೆ 30 ಸೆಂಮೀ ದಪ್ಪ ಕೇಬಲ್. 1 ಚದರ ಮಿಮೀ ವೈರಿನಲ್ಲಿ ಒಂದು ಆಂಪಿಗೆ ಬೀಳುವ ನಷ್ಟ 0.05 ವೋಲ್ಟ್, ಲೆಕ್ಕಕ್ಕೇ ಇಲ್ಲ.

ಜೋಡಣೆಗೆ ಕ್ರಿಂಪ್ ಮಾಡಿ (ಲೋಹದ ತುಂಡಿನೊಳಗೆ ವೈರ್ ಇಟ್ಟು ಅದುಮಿ), ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ತೊಡಿಸಿ. ಬೆಸುಗೆ ಹಾಕಿದ ಜಾಗ ಗಟ್ಟಿಯಾಗಿ, ಅದರ ಅಂಚಿನಲ್ಲೇ ಎಳೆಗಳು ನಡುಗಿ ನಡುಗಿ ಮುರಿಯುತ್ತವೆ. ನೀಲಿ ಪ್ಲಾಸ್ಟಿಕ್ ಕಚ್ಚು ಕನೆಕ್ಟರ್ ಬೇಡ, ಅರ್ಧ ಎಳೆ ಕತ್ತರಿಸಿ ಒಂದು ಮಳೆಗಾಲದಲ್ಲಿ ಹಸಿರು ಹಿಡಿಯುತ್ತದೆ. ಎಲ್ಲ ಮುಗಿದ ಮೇಲೆ ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ, ವೈರ್ ಎಲ್ಲೂ ಬಿಗಿಯಬಾರದು, ಫೋರ್ಕಿನ ಸ್ಟಾಪರ್ ನಡುವೆ ಸಿಕ್ಕಬಾರದು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ದಿಕ್ಕುದೆಸೆ

ಚಾರ್ಮಾಡಿ ವಿಷಯ. ಅಲ್ಲಿ ಜಿಪಿಎಸ್ ಕೆಟ್ಟಿಲ್ಲ, ಆ್ಯಪ್ ಅತಿ ಬುದ್ಧಿವಂತಿಕೆ ತೋರಿಸುತ್ತಿದೆ. ರಸ್ತೆ ಮ್ಯಾಪಿನಲ್ಲಿ ಬಾಣ ಕಾಣುವುದು ಅಳೆದ ಜಾಗದಲ್ಲಲ್ಲ, ಹತ್ತಿರದ ರಸ್ತೆಗೆ ಅಂಟಿಸಿದ ಜಾಗದಲ್ಲಿ. ಒಂದು ಕಡೆ ಗುಡ್ಡ, ಮೇಲೆ ಮರ. ಅರ್ಧ ಆಕಾಶ ಮುಚ್ಚಿದಾಗ, ಬಂಡೆಗೆ ತಾಗಿ ಬಂದ ಸಿಗ್ನಲ್ಲೂ ಸೇರಿಕೊಂಡಾಗ ಇಪ್ಪತ್ತು ಮೂವತ್ತು ಮೀಟರ್ ತಪ್ಪು ಸಹಜ. ಹೇರ್‌ಪಿನ್ನಿನ ಎರಡು ತೋಳುಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಬಾಣ ಕೆಳಗಿನ ತೋಳಿಗೆ ಅಂಟಿತು, ನಿಮ್ಮ ದಿಕ್ಕು ಉಲ್ಟಾ ಆಯಿತು, ಯೂ-ಟರ್ನ್ ಅಂದಿತು. ಕೊಟ್ಟಿಗೆಹಾರ ದಾಟಿದ ಮೇಲೆ ಉಜಿರೆ ಕಡೆಗೆ ಇಳಿಯುವುದು ಒಂದೇ ರಸ್ತೆ. ಧ್ವನಿ ಮ್ಯೂಟ್ ಮಾಡಿ, ಮುಂದಿನ ತಿರುವಿನ ಆಕಾರ ಕಾಣುವಷ್ಟು ಜೂಮ್ ಇಟ್ಟುಕೊಳ್ಳಿ, ಸಾಕು.

ಉಪಗ್ರಹಗಳು ಕಳಿಸುವ ಎಲ್1, ಎಲ್5 ಎಂಬ ಎರಡೂ ತರಂಗ ಹಿಡಿಯುವ ಫೋನಿನಲ್ಲಿ ಇದು ಕಡಿಮೆ. ಎಲ್5 (1176.45 ಮೆಗಾಹರ್ಟ್ಸ್) ಸಿಗ್ನಲ್ಲಿನಲ್ಲಿ ನೇರ ಬಂದದ್ದನ್ನೂ ಪ್ರತಿಫಲಿಸಿ ಬಂದದ್ದನ್ನೂ ಬೇರ್ಪಡಿಸುವುದು ಸುಲಭ. ನಮ್ಮ ದೇಶದ್ದೇ ಉಪಗ್ರಹ ವ್ಯವಸ್ಥೆ ನಾವಿಕ್ ಬಳಸುವುದೂ ಇದೇ ಎಲ್5, ಜೊತೆಗೆ ಎಸ್ ಬ್ಯಾಂಡ್. ಅದರ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. ಆದರೆ ಫೋನಿನ ಚಿಪ್ಪಿಗೆ ಬೆಂಬಲ ಇದ್ದರಷ್ಟೇ ಉಪಯೋಗ, ಆ್ಯಪ್ ಹಾಕಿದರೆ ಬರುವಂಥದ್ದಲ್ಲ.

ಇನ್ನೊಂದು ಸಂಗತಿ. ನೆಟ್‌ವರ್ಕ್ ಇಲ್ಲದ ಕಡೆ ಫೋನ್ ರೀಸ್ಟಾರ್ಟ್ ಮಾಡಬೇಡಿ. ನೆಟ್ ಇದ್ದರೆ ಉಪಗ್ರಹಗಳ ಕಕ್ಷೆಯ ಮಾಹಿತಿ ಕ್ಷಣದಲ್ಲಿ ಇಳಿಯುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ಸೆಕೆಂಡಿಗೆ 50 ಬಿಟ್‌ನಂತೆ ಓದಬೇಕು. ಬಯಲಿನಲ್ಲಿ ನಿಂತರೆ ಅರ್ಧ ನಿಮಿಷ, ಮರದಡಿ ಓಡುತ್ತಿದ್ದರೆ ನಡುನಡುವೆ ತುಂಡಾಗಿ ಹಲವು ನಿಮಿಷ. ಘಾಟಿಗೆ ಮುಂಚೆ ಮೂಡಿಗೆರೆಯಲ್ಲೇ ಫಿಕ್ಸ್ (ನೀವಿರುವ ಜಾಗದ ಪತ್ತೆ) ಬಂದಿದೆಯೇ ನೋಡಿಕೊಳ್ಳಿ. ಬ್ಯಾಟರಿ ಸೇವರ್ ಆಫ್ ಇರಲಿ, ಹಲವು ಫೋನುಗಳಲ್ಲಿ ಅದು ಸ್ಕ್ರೀನ್ ಆರಿದ ಕೂಡಲೇ ಜಿಪಿಎಸ್ಸನ್ನೂ ಮಲಗಿಸುತ್ತದೆ.

ಎಕ್ಸ್‌ಪ್ರೆಸ್‌ವೇ: ಗೂಗಲ್ ಮ್ಯಾಪ್ಸಿನ ಆಫ್‌ಲೈನ್‌ನಲ್ಲಿ ಸಿಗುವುದು ಕಾರಿನ ದಾರಿ. 2017ರ ಡಿಸೆಂಬರಿನಲ್ಲಿ ಬಂದ ಟೂ-ವೀಲರ್ ಮೋಡಿಗೆ ನೆಟ್ ಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಆಫ್‌ಲೈನ್‌ಗೆ ಓಸ್ಮ್ಯಾಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪ್ ಇಟ್ಟುಕೊಂಡು, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಊರೊಳಗಿನ ಹಳೆ ರಸ್ತೆಯ ಮೇಲೆ ಒಂದೊಂದು ಬಿಂದು ಇಟ್ಟು ದಾರಿ ಹಾಕಿ. ಬೈಪಾಸ್ ತಾನಾಗಿ ತಪ್ಪುತ್ತದೆ. ಬಿಂದು ಊರಿನ ಹೆಸರಿನ ಮೇಲಲ್ಲ, ರಸ್ತೆಯ ಗೆರೆಯ ಮೇಲೇ ಬೀಳಬೇಕು. ಇಲ್ಲದಿದ್ದರೆ ಯಾರದೋ ಮನೆ ಓಣಿಗೆ ಕರೆದೊಯ್ದು ವಾಪಸ್ ತರುತ್ತದೆ. ಮೈಸೂರು ದಾಟಿ ಬಂಡೀಪುರದ ಕಡೆ ಹೋಗುವವರು ರಾತ್ರಿ 9ರಿಂದ ಬೆಳಿಗ್ಗೆ 6ರ ಸಂಚಾರ ನಿಷೇಧವನ್ನು ತಾವೇ ನೆನಪಿಡಬೇಕು, ಆಫ್‌ಲೈನ್ ಮ್ಯಾಪಿಗೆ ಅದು ಗೊತ್ತಿಲ್ಲ ಎಂದೇ ಲೆಕ್ಕ ಹಿಡಿಯಿರಿ.

ಸ್ಪ್ಯಾನರ್12

ಮೇಲಿನವರಿಬ್ಬರೂ ಮೌಂಟಿನ ಬಗ್ಗೆ ಬಾಯಿ ಬಿಟ್ಟಿಲ್ಲ. ಸಿಂಗಲ್ ಸಿಲಿಂಡರ್ 4,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 67 ಸಲ ಕುಟ್ಟುತ್ತದೆ, ಆ ಕುಟ್ಟು ನೇರ ಫೋನಿನ ಕ್ಯಾಮೆರಾಕ್ಕೆ. ಲೆನ್ಸನ್ನು ತೇಲಿಸಿ ಹಿಡಿಯುವ ಓಐಎಸ್ ಭಾಗ ಹೀಗೆ ಹಾಳಾಗಬಹುದು ಎಂದು 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಕೆ ಪ್ರಕಟಿಸಿತ್ತು. ಕ್ಯಾಮೆರಾ ತೆರೆದಾಗ ಚಿತ್ರ ಜೆಲ್ಲಿಯಂತೆ ಅಲುಗಿದರೆ, ಒಳಗಿಂದ ಸಣ್ಣಗೆ ಗುಯ್ ಎಂದರೆ ಕೆಲಸ ಕೆಟ್ಟಿತು ಅಂತ. ನಡುಕ ಹೀರುವ, ಸಿಲಿಕೋನ್ ಬುಷ್ ಇರುವ ಡ್ಯಾಂಪರ್ ಹಾಕದೆ ದುಬಾರಿ ಫೋನನ್ನು ಹ್ಯಾಂಡಲ್ ಮೇಲೆ ಇಡಲೇಬಾರದು.

ಬಾರಿನ ವ್ಯಾಸ ಅಳೆದು ಕ್ಲ್ಯಾಂಪ್ ತನ್ನಿ. ಮಾಮೂಲಿ 22 ಮಿಮೀ, ದಪ್ಪ ಬಾರಿನ ನಡುಭಾಗ 28. ಕ್ಲ್ಯಾಂಪಿನೊಳಗೆ ಬರುವ ತೆಳು ರಬ್ಬರ್ ಬಿಸಾಕಿ, ಹಳೆ ಟ್ಯೂಬಿನ ತುಂಡೊಂದನ್ನು ಒಂದೇ ಸುತ್ತು ಸುತ್ತಿ ಬಿಗಿಯಿರಿ, ಜಾರುವುದಿಲ್ಲ. ಎರಡು ಸುತ್ತು ಹಾಕಿದರೆ ರಬ್ಬರ್ ಮೇಲೆ ರಬ್ಬರ್ ಜಾರುತ್ತದೆ. ಕನ್ನಡಿಯ ಕಂಬಿಗೆ ಹಾಕುವ ಮೌಂಟ್ ನನಗೆ ಹಿಡಿಸದು, ಉದ್ದ ಕಂಬಿಯ ನಡುಕ ಇನ್ನೂ ಜಾಸ್ತಿ. ಹಾಕಿಯೇ ತೀರುತ್ತೀರಿ ಎಂದಾದರೆ, ಯಮಹಾ ಗಾಡಿಗಳ ಬಲಗನ್ನಡಿಯ ಥ್ರೆಡ್ ಉಲ್ಟಾ ಎಂದು ತಿಳಿದು ಸ್ಪ್ಯಾನರ್ ಹಿಡಿಯಿರಿ. ಆಯಸ್ಕಾಂತದ ಮೌಂಟಿನಲ್ಲಿ ಗಾಡಿ ನಿಂತಾಗ ಬಾಣ ಗಿರಗಿರ ತಿರುಗುತ್ತದೆ. ಅದು ದಿಕ್ಸೂಚಿಗೆ ಹಿಡಿದ ದೆವ್ವ, ಜಿಪಿಎಸ್‌ಗಲ್ಲ, ಗಾಡಿ ಓಡಿದರೆ ಸರಿಹೋಗುತ್ತದೆ.

ಹೊಸ ಜಿಪಿಎಸ್ ಬೇಕೇ? ಬೈಕಿಗೆಂದೇ ಮಾಡಿದ ಗಾರ್ಮಿನ್ ಝೂಮೊ ಎಕ್ಸ್‌ಟಿಯಂಥವು ಒಳ್ಳೆಯವೇ. ಬಿಸಿಲಿನಲ್ಲಿ ಸ್ಕ್ರೀನ್ ಕಾಣುತ್ತದೆ, ನೀರು ತಡೆಯುತ್ತದೆ (ಐಪಿಎಕ್ಸ್7), ಗ್ಲೌಸಿನಲ್ಲೂ ಟಚ್ ಆಗುತ್ತದೆ. ಆದರೆ ಆ ದುಡ್ಡಿಗೆ ಮುಂಚೆ ಮನೆಯಲ್ಲಿ ಮೂಲೆ ಸೇರಿದ ಹಳೆ ಫೋನ್ ಹುಡುಕಿ. ಸಿಮ್ ಬೇಡ, ಆಫ್‌ಲೈನ್ ಮ್ಯಾಪ್ ತುಂಬಿ, ಬೇಕಾದಾಗ ಜೇಬಿನ ಫೋನಿನ ಹಾಟ್‌ಸ್ಪಾಟ್. ನಡುಗಿ ಕ್ಯಾಮೆರಾ ಹೋದರೂ ಹೋಗಲಿ ಬಿಡಿ. ಕಪ್ಪು ಕವರ್ ತೆಗೆದು ಗಾಳಿಗೆ ಒಡ್ಡಿ. ಬ್ಯಾಟರಿ 45 ಡಿಗ್ರಿ ಸುತ್ತ ಬಂದರೆ ಚಾರ್ಜ್ ತಾನೇ ನಿಲ್ಲುತ್ತದೆ. ಕಲಬುರಗಿ ಬಿಸಿಲಿಗೆ ಪ್ಲಾಸ್ಟಿಕ್ ಚೀಲದೊಳಗಿನ ಫೋನ್ ಆ ಮಟ್ಟ ಮುಟ್ಟಲು ಹೆಚ್ಚು ಹೊತ್ತು ಬೇಡ.

ಪೊಲೀಸರು ತಡೆದರೆ: 2020ರ ಅಕ್ಟೋಬರ್ 1ರಿಂದ ಜಾರಿಯಾದ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿ, ಗಮನ ತಪ್ಪದಂತೆ ದಾರಿ ನೋಡಲು ಮಾತ್ರ ಫೋನ್ ಬಳಕೆಗೆ ಅವಕಾಶ ಕೊಟ್ಟಿದೆ. ಓಡುತ್ತಾ ಟೈಪ್ ಮಾಡುವುದಕ್ಕಲ್ಲ.

ಹೊಸಸವಾರ

ಅಳೆದೆ. ಕೀ ಆಫ್‌ನಲ್ಲಿ 23 ಮಿಲಿಆಂಪ್ ಹೋಗುತ್ತಿತ್ತು, ರಿಲೇ ಹಾಕಿದ ಮೇಲೆ 2. ಚಾರ್ಜರ್ ಮುಂದಕ್ಕೆ ತಂದೆ, ಶೇಕಡಾವಾರು ಈಗ ಏರುತ್ತಿದೆ. ಆದರೆ ಹೊಸ ಪೀಕಲಾಟ: ಚಾರ್ಜರ್ ಫೋನಿನ ಬೆನ್ನಿಗೇ ಬಂದ ಮೇಲೆ ಬಯಲಿನಲ್ಲೂ ಬಾಣ ಅಲೆಯುತ್ತದೆ. ಮಳೆಯಲ್ಲಿ ಪೋರ್ಟಿನಲ್ಲಿ ನೀರಿದೆ ಎಂದು ಚಾರ್ಜ್ ನಿಲ್ಲಿಸುತ್ತದೆ.

ತಂತಿಪೆಟ್ಟಿಗೆ

ಅಲೆಯುವುದು ಚಾರ್ಜರಿನ ಗದ್ದಲಕ್ಕೆ ಇರಬೇಕು. ಅಗ್ಗದ ಕನ್ವರ್ಟರುಗಳಲ್ಲಿ ಶೀಲ್ಡ್ ಇರುವುದಿಲ್ಲ, ಉಪಗ್ರಹದ ಸಿಗ್ನಲ್ಲೋ ಮೊದಲೇ ಬಡಕಲು. ಪರೀಕ್ಷೆ ಹೀಗೆ: ಜಿಪಿಎಸ್‌ಟೆಸ್ಟ್ ಆ್ಯಪ್ ಹಾಕಿ, ಬಯಲಿನಲ್ಲಿ ಗಾಡಿ ನಿಲ್ಲಿಸಿ, ಪ್ರತಿ ಉಪಗ್ರಹದ ಮುಂದಿನ ಡಿಬಿ-ಹರ್ಟ್ಸ್ ಅಂಕಿ (ಸಿಗ್ನಲ್ಲಿನ ಬಲ) ನೋಡಿ. 40ರ ಮೇಲಿದ್ದರೆ ಚೆನ್ನ, 25ಕ್ಕಿಂತ ಕೆಳಗೆ ಇದ್ದೂ ಇಲ್ಲದಂತೆ. ಈಗ ಕೇಬಲ್ ಚುಚ್ಚಿ, ಕಿತ್ತು, ಮತ್ತೆ ಚುಚ್ಚಿ. ಚುಚ್ಚಿದಾಗೆಲ್ಲ ಬಹುತೇಕ ಎಲ್ಲ ಉಪಗ್ರಹಗಳೂ ಒಟ್ಟಿಗೆ ಐದಾರು ಡಿಬಿ ಇಳಿದರೆ ಕಳ್ಳ ಅದೇ. ಚಾರ್ಜರನ್ನು ಒಂದೆರಡು ಗೇಣು ದೂರ, ಹೆಡ್‌ಲೈಟಿನ ಹಿಂದಕ್ಕೆ ಸರಿಸಿ ಮತ್ತೆ ನೋಡಿ. ಆಗಲೂ ಇಳಿದರೆ ಲೋಹದ ಕವಚ ಇರುವ ಬೇರೆ ಚಾರ್ಜರ್.

ಸ್ಪ್ಯಾನರ್12

ಮಳೆಗೆ: ಪೋರ್ಟು ಕೆಳಮುಖ ಇರುವಂತೆ ಫೋನ್ ಕೂರಿಸಿ. ಕೇಬಲ್ ಪೋರ್ಟಿನಿಂದ ಮೊದಲು ಕೆಳಗೆ ಇಳಿದು, ಬಳ್ಳಿಯ ಹಾಗೆ ಬಾಗಿ, ಆಮೇಲೆ ಮೇಲೇರಲಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪೋರ್ಟಿನವರೆಗೆ ಹರಿಯುವುದಿಲ್ಲ. ಎಚ್ಚರಿಕೆ ಬಂದ ಮೇಲೆ ಪೋರ್ಟಿಗೆ ಬಾಯಿಂದ ಊದಬೇಡಿ, ಉಗುಳಿನ ತೇವವೇ ಸಾಕು ಅದನ್ನು ಇನ್ನಷ್ಟು ಹೊತ್ತು ಹಿಡಿದಿಡಲು. ಕಿತ್ತು, ಅಂಗೈಗೆ ಎರಡು ಸಲ ತಟ್ಟಿ, ಗಾಳಿಗೆ ಅರ್ಧ ಗಂಟೆ ಬಿಡಿ. ಜೋರು ಮಳೆಯಲ್ಲಿ ಹನಿಗಳೇ ಸ್ಕ್ರೀನ್ ಒತ್ತಿ ಮ್ಯಾಪನ್ನು ಎಲ್ಲೆಲ್ಲಿಗೋ ಎಳೆದಾಡುತ್ತವೆ. ಆಗ ಫೋನ್ ಜೇಬಿಗೆ ಹಾಕಿ, ಹೆಲ್ಮೆಟ್ಟಿನ ಬ್ಲೂಟೂತ್‌ನಲ್ಲಿ ಕನ್ನಡ ಧ್ವನಿ ಕೇಳಿಕೊಂಡು ಹೋಗಿ. ಪ್ರತಿ ಸಲ ಮೊದಲ ಪದ ನುಂಗಿಹೋದರೆ ಸಣ್ಣ ಸದ್ದಿನಲ್ಲಿ ಒಂದು ಹಾಡು ಓಡುತ್ತಿರಲಿ, ಬ್ಲೂಟೂತ್ ನಿದ್ದೆ ಹೋಗುವುದಿಲ್ಲ.