ಕೊಡಗಿನ ಗೌರಮ್ಮನವರ ಕತೆ ಕಿರುಚಿತ್ರಕ್ಕೆ: ಅನುಮತಿ ಬೇಕಾ? ಮನಸ್ಸಿನ ಮಾತನ್ನ ತೋರಿಸೋದು ಹೇಗೆ?

ಹೊಸಬ: ಗೌರಮ್ಮನವರ ಒಂದು ಕತೆಯನ್ನ 15 ನಿಮಿಷದ ಚಿತ್ರ ಮಾಡ್ಬೇಕು. ಅನುಮತಿ ಯಾರ ಹತ್ರ ಕೇಳ್ಬೇಕು? ಕತೆಯಲ್ಲಿ ಅರ್ಧಕ್ಕರ್ಧ ನಾಯಕಿಯ ಒಳಗಿನ ಮಾತೇ ಇದೆ, ವಾಯ್ಸ್‌ಓವರ್ (ದೃಶ್ಯದ ಮೇಲೆ ಕೇಳಿಸೋ ಹಿನ್ನೆಲೆ ದನಿ) ಹಾಕಿದ್ರೆ ನಡೆಯುತ್ತಾ? ಸ್ಕ್ರಿಪ್ಟ್ 24 ಪುಟ ಆಗಿದೆ.

ಕಾಗದಪತ್ರ: ಮೂಲ ಕತೆಗೆ ಅನುಮತಿ ಬೇಕಿಲ್ಲ. ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಕೃತಿಯ ಹಕ್ಕು (ಕಾಪಿರೈಟ್) ಇರುತ್ತೆ. ಗೌರಮ್ಮ ಹೋಗಿದ್ದು 1939ರಲ್ಲಿ, ಬರೀ 27ನೇ ವಯಸ್ಸಿಗೆ. ಮರಣಾನಂತರ ಅಚ್ಚಾದ ಕತೆಗಳಿಗೆ ಅಚ್ಚಾದ ವರ್ಷದಿಂದ ಎಣಿಸ್ತಾರೆ, ಆ ಲೆಕ್ಕದಲ್ಲೂ ಅವಧಿ ಮುಗಿದಿದೆ. ಆದ್ರೆ ಇತ್ತೀಚಿನ ಇಂಗ್ಲಿಷ್ ಅನುವಾದದ ಸಾಲುಗಳನ್ನ ಸಬ್‌ಟೈಟಲ್‌ಗೆ ಎತ್ಕೋಬೇಡಿ, ಅದರ ಹಕ್ಕು ಅನುವಾದಕರದು.

ಮುಂದೆ ಮಾಸ್ತಿಯವರ ಕತೆ ತಗೊಂಡ್ರೆ ವಿಷಯ ಬೇರೆ. ಅವರು ತೀರಿಕೊಂಡದ್ದು 1986, ಹಕ್ಕು 2046ರ ಕೊನೆಯವರೆಗೆ ಇದೆ. ಬಾಯಿಮಾತಿನ ಒಪ್ಪಿಗೆ ಸಾಲದು, ಸಹಿ ಮಾಡಿದ ಪತ್ರ ಬೇಕು. ಹಕ್ಕು ಬರೆಸಿಕೊಳ್ಳುವಾಗ ಅವಧಿ ಬರೆಯದಿದ್ರೆ 5 ವರ್ಷ, ಜಾಗ ಬರೆಯದಿದ್ರೆ ಭಾರತ ಮಾತ್ರ ಅಂತ ಕಾನೂನು ಓದಿಕೊಳ್ಳುತ್ತೆ. ಹೊರದೇಶದ ಚಿತ್ರೋತ್ಸವಕ್ಕೆ ಕಳಿಸುವಾಗ ಎಡವೋದು ಇಲ್ಲೇ. ಬೇರೆ ಷರತ್ತು ಇಲ್ಲದಿದ್ರೆ, ಒಂದು ವರ್ಷದೊಳಗೆ ಬಳಸದ ಹಕ್ಕು ಬಿದ್ದೂ ಹೋಗುತ್ತೆ.

ಕತ್ತರಿ: ಒಂದು ಪುಟಕ್ಕೆ ಸುಮಾರು ಒಂದು ನಿಮಿಷ. ಹಾಗಾಗಿ 9 ಪುಟ ಹೋಗ್ಲೇಬೇಕು. ಕಣ್ಣಿಗೆ ಕಾಣೋ, ಕಿವಿಗೆ ಕೇಳೋ ಸಾಲುಗಳಿಗೆ ಹಸಿರು ಗೆರೆ, ಬರೀ ಯೋಚನೆಗೆ ಕೆಂಪು ಗೆರೆ ಎಳೀರಿ. ಪ್ರತಿ ಕೆಂಪು ಸಾಲಿಗೂ ನಟಿಯ ಕೈಗೊಂದು ಕೆಲಸ ಹುಡುಕಿ, ಸಿಗದಿದ್ರೆ ಬಿಡಿ. "ಅವನೇ ಬಂದನೇನೋ ಎಂದು ಎದೆ ಹಾರಿತು" ಅಂತಿದೆ ಅನ್ಕೊಳ್ಳಿ. ಒಲೆ ಮುಂದೆ ಊದುಗೊಳವೆ ಹಿಡಿದು ಕೂತಿದ್ದಾಳೆ. ಹೊರಗೆ ದಣಪೆ (ಬೇಲಿಯ ಗೇಟು) ಸರಿದ ಸದ್ದು. ಊದೋದು ನಿಲ್ಲುತ್ತೆ. ಹೆಜ್ಜೆ ಪಕ್ಕದ ಮನೆ ಕಡೆ ಹೋಗುತ್ತೆ. ಮತ್ತೆ ಊದ್ತಾಳೆ, ಈ ಸಲ ಜೋರಾಗಿ, ಬೂದಿ ಹಾರೋ ಹಾಗೆ. ಇದರ ಮೇಲೆ ವಾಯ್ಸ್‌ಓವರ್ ಹಾಕಿದ್ರೆ ನಟಿ ಮಾಡಿದ್ದೆಲ್ಲ ನೀರುಪಾಲು.

ಬೂಮ್‌ಕೋಲು: ಕೊಡಗಿನಲ್ಲೇ ಶೂಟ್ ಮಾಡೋದಾದ್ರೆ ಜೂನ್‌ನಿಂದ ಸೆಪ್ಟೆಂಬರ್ ಬೇಡ, ಹೆಂಚಿನ ಮೇಲಿನ ಮಳೆ ಸದ್ದು ಮಾತನ್ನ ನುಂಗುತ್ತೆ. ಚಿಮಣಿ ದೀಪದ ದೃಶ್ಯಕ್ಕೆ ಅಗ್ಗದ ಎಲ್‌ಇಡಿ ಬಲ್ಬ್ ಬಳಸಿದ್ರೆ ಚಿತ್ರ ಮಿನುಗಬಹುದು. ನಮ್ಮ ಕರೆಂಟು 50 ಹರ್ಟ್ಸ್, ಸೆಕೆಂಡಿಗೆ 24 ಫ್ರೇಮ್‌ನಲ್ಲಿ ತೆಗೆದ್ರೂ ಶಟರ್ (ಪ್ರತಿ ಫ್ರೇಮಿಗೂ ಬೆಳಕು ಬೀಳೋ ಸಮಯ) 1/50 ಸೆಕೆಂಡಿಗೇ ಇಡಿ. ಆಮೇಲೂ ಮಿನುಗಿದ್ರೆ ಬಲ್ಬನ್ನೇ ಬದಲಾಯಿಸಿ. ಕತ್ತರಿಯವರು ಹೇಳಿದ ಹಾಗೆ ಮಾತು ಕಡಿಮೆ ಮಾಡಿದ್ರೆ ಮೌನವೇ ಜಾಸ್ತಿ ಆಗುತ್ತೆ. ಪ್ರತಿ ಕೋಣೆಯ ಖಾಲಿ ಸದ್ದನ್ನೂ ಒಂದು ನಿಮಿಷ ರೆಕಾರ್ಡ್ ಮಾಡ್ಕೊಳ್ಳಿ, ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲಬೇಕು. ಅದಿಲ್ಲದಿದ್ರೆ ಎಡಿಟಿಂಗ್‌ನಲ್ಲಿ ಎರಡು ಶಾಟ್ ಕೂಡೋ ಕಡೆಯೆಲ್ಲ ಸದ್ದು ಕಡಿದುಹೋಗುತ್ತೆ.